ಮಂಡಿಯೊಳಗಿನ ಕಣ್ಣು

ನನ್ನ ಅಕ್ಕ ಮೆಟ್ಟಿಲಿನ ನಡುವೆ ನಿಂತುಬಿಡುತ್ತಿದ್ದಳು. ಹತ್ತುವಾಗಲೋ ಇಳಿಯುವಾಗಲೋ ಇದ್ದಕ್ಕಿದ್ದಂತೆ ಒಂದು ಕಾಲು ಮಡಚಿದ್ದು ಮಡಚಿದಂತೆಯೇ ಉಳಿದು, ಕೈ ಗೋಡೆಯ ಮೇಲೆ, ಕಣ್ಣು ಎಲ್ಲೋ. ಹಿಂದಿನಿಂದ ಯಾರೋ ಕರೆದರೆಂದು ಥಟ್ಟನೆ ನಿಲ್ಲುತ್ತಾರಲ್ಲ, ಹಾಗೆ. ಕೆಳಗೆ ನನ್ನ ಹೊಲಿಗೆ ಅಂಗಡಿ, ಮೇಲೆ ನಮ್ಮಿಬ್ಬರ ಮನೆ, ನಡುವೆ ಈ ಮೆಟ್ಟಿಲು. ಬಟ್ಟೆ ಕೊಡಲು ಬಂದ ಗಿರಾಕಿಗಳು ಅವಳನ್ನು ಆ ಭಂಗಿಯಲ್ಲಿ ನೋಡಿ ಬೆಚ್ಚಿದ್ದುಂಟು. "ನಿಮ್ಮಕ್ಕ ಯಾಕೆ ಹಂಗೆ ನಿಂತಿದಾರೆ?" ಎಂದು ಪಿಸುದನಿಯಲ್ಲಿ ಕೇಳುತ್ತಿದ್ದರು. "ಯಾರಾದ್ರೂ ಫೋಟೋ ತೆಗೀಲಿ ಅಂತ" ಎನ್ನುತ್ತಿದ್ದೆ. ಇನ್ನೇನು ಹೇಳಲಿ? ಸ್ವಲ್ಪ ಹೊತ್ತಿಗೆ ಅವಳ ಮಂಡಿಯೊಳಗಿಂದ ಲಟಕ್ ಎಂದು ಸದ್ದು ಬರುತ್ತಿತ್ತು, ನನ್ನ ಮಿಷನ್ನಿನ ಗದ್ದಲವನ್ನೂ ದಾಟಿ ಕೇಳಿಸುವಷ್ಟು. ಆಮೇಲೆ ಅವಳು ಏನೂ ಆಗಿಲ್ಲವೆಂಬಂತೆ ಉಳಿದ ಮೆಟ್ಟಿಲು ಇಳಿದು ಬರುತ್ತಿದ್ದಳು.

ಆ ಮಂಡಿಗೆ ಏಟು ಬಿದ್ದದ್ದು ನಾನಿನ್ನೂ ತೊಟ್ಟಿಲಲ್ಲಿದ್ದ ಕಾಲಕ್ಕೆ. ಅಕ್ಕ ಶಾಲೆಯಲ್ಲಿ ಎಲ್ಲರಿಗಿಂತ ಜೋರಾಗಿ ಓಡುವ ಹುಡುಗಿಯಾಗಿದ್ದಳಂತೆ. ಒಂದು ದಿನ ಉದ್ದ ಜಿಗಿತದ ಮರಳಿನಲ್ಲಿ ಪಾದ ಹೂತು ನಿಂತಿತು, ಮೈ ಮಾತ್ರ ತಿರುಗಿತು. ಒಳಗೆ ಟಪ್ ಎಂದು ಒಣಕಡ್ಡಿ ಮುರಿದ ಸದ್ದಾಯಿತು ಎನ್ನುತ್ತಾಳೆ. ಮಂಡಿ ಕುಂಬಳಕಾಯಿಯಾಯಿತು, ಕೆಲವು ವಾರಗಳಲ್ಲಿ ಇಳಿಯಿತು. ಮೂಳೆ ಮುರಿದಿರಲಿಲ್ಲ. ಮೂಳೆ ಮುರಿಯದ ಮೇಲೆ ನೋವೆಲ್ಲಿಂದ ಬರಬೇಕು? ಡ್ರಿಲ್ ಮಾಸ್ತರರು, ಸೋಲುವ ಹೆದರಿಕೆಗೆ ಕುಂಟುತ್ತಾಳೆ ಎಂದರು. ಅಮ್ಮ, "ನಾಟಕ ಸಾಕು, ಏಳು" ಎಂದಳು. ಶಾಲೆಯಲ್ಲಿ ಅವಳ ಹೆಸರೇ ನಾಟಕದವಳು ಎಂದಾಯಿತು. ಓಡಿದರೆ ಕಾಲು ಕೈಕೊಡುತ್ತಿತ್ತು, ಓಡದಿದ್ದರೆ ಮೈಗಳ್ಳಿ. ಕೊನೆಗೆ ಅವಳು ಹೇಳುವುದನ್ನೇ ಬಿಟ್ಟಳು. ಮೆಟ್ಟಿಲಿನ ಮೇಲೆ ನಿಂತಾಗ ಏನಾಯಿತೆಂದು ಕೇಳಿದರೂ "ಏನಿಲ್ಲ" ಎನ್ನುವುದು ಅಂದಿನ ಅಭ್ಯಾಸ. ನನಗೆ ಆ "ಏನಿಲ್ಲ" ಕೇಳಿದರೆ ಮೈಯೆಲ್ಲ ಉರಿಯುತ್ತಿತ್ತು.

ಅವಳ ಕೆಲಸ ಆಸ್ಪತ್ರೆಯ ಲ್ಯಾಬಿನಲ್ಲಿ. ನಾನು ಬಟ್ಟೆ ಕತ್ತರಿಸುತ್ತೇನೆ, ಅಕ್ಕ ಮನುಷ್ಯರನ್ನು ಕತ್ತರಿಸುತ್ತಾಳೆ ಎಂದು ಗಿರಾಕಿಗಳಿಗೆ ಹೇಳಿ ಅವರ ಮುಖ ನೋಡುವುದು ನನಗೊಂದು ಆಟ. ಆಪರೇಷನ್ನಿನಲ್ಲಿ ತೆಗೆದ ತುಂಡುಗಳು ಸಣ್ಣ ಸಣ್ಣ ಬಾಟಲಿಗಳಲ್ಲಿ ಅವಳ ಕೋಣೆಗೆ ಬರುತ್ತವೆ. ಅವನ್ನು ಮೇಣದಲ್ಲಿ ಹುದುಗಿಸಿ ಬಿಲ್ಲೆ ಮಾಡಿ, ಯಂತ್ರದ ಅಲಗಿಗೆ ಕೊಟ್ಟು ಈರುಳ್ಳಿ ಪೊರೆಗಿಂತ ತೆಳ್ಳಗೆ ಹೆರೆಯಬೇಕು. ಹೆರೆದ ಪದರಗಳು ಒಂದರ ಬಾಲಕ್ಕೆ ಒಂದು ಅಂಟಿಕೊಂಡು ರಿಬ್ಬನ್ನಿನಂತೆ ಹೊರಬರುತ್ತವೆ. ಆಗ ಫ್ಯಾನು ಹಾಕುವಂತಿಲ್ಲ, ಸೀನುವಂತಿಲ್ಲ, ಉಸಿರನ್ನೂ ಹಿಡಿದುಕೊಳ್ಳಬೇಕು. ರಿಬ್ಬನ್ನನ್ನು ಬೆಚ್ಚನೆಯ ನೀರಿನ ಬೋಗುಣಿಯಲ್ಲಿ ತೇಲಿಬಿಟ್ಟರೆ ಸುಕ್ಕು ಬಿಡಿಸಿಕೊಳ್ಳುತ್ತದೆ. ಒಂದೊಂದೇ ಪದರವನ್ನು ಗಾಜಿನ ಸ್ಲೈಡಿನ ಮೇಲೆ ಹಿಡಿದೆತ್ತಿ, ಒಣಗಿಸಿ, ಗುಲಾಬಿ ಮತ್ತು ನೇರಳೆ ಬಣ್ಣ ಕುಡಿಸಿದರೆ ಡಾಕ್ಟರು ನೋಡಲು ಸಿದ್ಧ. ಅಕ್ಕನ ಕೂದಲಿನಿಂದ ಹಿಡಿದು ಚಪ್ಪಲಿಯವರೆಗೂ ಮೇಣದ ವಾಸನೆ. ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಮೇಣದಕ್ಕ ಎಂದೇ ಕರೆಯುವುದು.

ಆ ಲ್ಯಾಬಿನಲ್ಲೊಂದು ಕಟ್ಟುಪಾಡಿದೆ. ಮನೆಯವರ ತುಂಡನ್ನು ಮನೆಯವರು ಕತ್ತರಿಸಬಾರದು. ಕೈ ನಡುಗುತ್ತದೆ, ಕಣ್ಣು ಇಲ್ಲದ್ದನ್ನು ಕಾಣುತ್ತದೆ. ಅಣ್ಣ, ತಂಗಿ, ಗಂಡ, ಅತ್ತೆ ಯಾರದೇ ಬಾಟಲಿ ಬಂದರೂ ಪಕ್ಕದವಳ ಕೈಗೆ ಕೊಟ್ಟು ಹೊರಗೆ ಹೋಗಬೇಕು. ತಮ್ಮ ತುಂಡನ್ನು ತಾವೇ ಕತ್ತರಿಸಬಾರದು ಎಂದು ಮಾತ್ರ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹಾಗೆ ಮಾಡುವವರೂ ಇರುತ್ತಾರೆಂದು ಯಾರಿಗೂ ಹೊಳೆದಿರಲಿಲ್ಲ.

ಒಂದು ಬೆಳಿಗ್ಗೆ ಅಕ್ಕ ರಸ್ತೆ ದಾಟುವಾಗ ಕಾಲು ಕೈಕೊಟ್ಟಿತು. ಬಸ್ಸು ಅವಳ ಮೂಗಿನ ಮುಂದೆ ನಿಂತಿತಂತೆ. ಆವತ್ತು ನಾನು ಅವಳನ್ನು ಅಕ್ಷರಶಃ ಎಳೆದುಕೊಂಡು ಹೋಗಿ ಮೂಳೆ ಡಾಕ್ಟರ ಮುಂದೆ ಕೂರಿಸಿದೆ. ಸಣ್ಣ ತೂತು ಕೊರೆದು, ಕೊಳವೆ ಇಳಿಸಿ, ಹರಿದದ್ದನ್ನೆಲ್ಲ ಕತ್ತರಿಸಿ ತೆಗೆದರು. ಮಾರನೆಯ ದಿನ ಡಾಕ್ಟರು ಹಾಸಿಗೆಯ ಪಕ್ಕ ನಿಂತು, "ಒಳಗಿನ ಹುರಿ, ಅದೇ ಲಿಗಮೆಂಟು, ಹರಿದು ಎಷ್ಟೋ ಕಾಲ ಆಗಿದೆ. ಎರಡು ಮೂಳೆ ಮಧ್ಯದ ಮೆತ್ತೆನೂ ಸೀಳಿಹೋಗಿದೆ. ಇಷ್ಟು ವರ್ಷ ಹೆಂಗ್ರೀ ನಡೆದ್ರಿ?" ಎಂದು ಕೇಳಿದರು. ಅಕ್ಕ ಮೊದಲು ನಕ್ಕಳು. ಆಮೇಲೆ ದಿಂಬಿಗೆ ಮುಖ ಒತ್ತಿಕೊಂಡು ಅತ್ತಳು. ನೋವಿಗಲ್ಲ. ಅವಳ ಜೀವಮಾನದಲ್ಲಿ ಆ ಮಂಡಿಯನ್ನು ನಂಬಿದ ಮೊದಲ ಮನುಷ್ಯ ಅವರೇ.

ತೆಗೆದ ತುಂಡು ಅವಳದೇ ಲ್ಯಾಬಿಗೆ ಹೋಯಿತು. ಅವಳು ರಜೆಯಲ್ಲಿದ್ದುದರಿಂದ ಜೊತೆಗಾರ್ತಿ ಕತ್ತರಿಸಿದಳು, ಲ್ಯಾಬಿನ ದೊಡ್ಡ ಡಾಕ್ಟರಮ್ಮ ನೋಡಿ ವರದಿ ಬರೆದರು. ವಿಷಯ ಅಲ್ಲಿಗೆ ಮುಗಿಯಬೇಕಿತ್ತು. ರಜೆ ಮುಗಿಸಿ ಹೋದ ಮೊದಲ ದಿನ, ಎಲ್ಲರೂ ಊಟಕ್ಕೆ ಹೋದಾಗ, ಅಕ್ಕ ಕಪಾಟಿನಿಂದ ತನ್ನ ಮೇಣದ ಬಿಲ್ಲೆಯನ್ನು ತೆಗೆದಳು. ನಾಟಕ ನಾಟಕ ಎಂದು ಊರೆಲ್ಲ ಅಂದದ್ದರ ಒಳಗೆ ಏನಿತ್ತೆಂದು ಅವಳಿಗೆ ಕಣ್ಣಾರೆ ನೋಡಬೇಕಿತ್ತು. ಯಂತ್ರಕ್ಕೆ ಕೊಟ್ಟು ಉದ್ದನೆಯ ರಿಬ್ಬನ್ ಹೆರೆದಳು. ಮೊದಲ ಪದರಕ್ಕೆ ಮಾತ್ರ ಬಣ್ಣ ಕುಡಿಸಿ ಮೈಕ್ರೋಸ್ಕೋಪಿನ ಕೆಳಗಿಟ್ಟಳು. ಉಳಿದ ರಿಬ್ಬನ್ ಬೋಗುಣಿಯ ಪಕ್ಕದ ಕಪ್ಪು ತಟ್ಟೆಯ ಮೇಲಿತ್ತು. ಅಷ್ಟರಲ್ಲಿ ಡಾಕ್ಟರಮ್ಮ ಒಳಗೆ ಬಂದು, "ಅಯ್ಯೋ, ಏನ್ ಸೆಕೆ ರೀ ಇಲ್ಲಿ" ಎಂದು ಫ್ಯಾನಿನ ಗುಂಡಿ ಒತ್ತಿದರು. ರಿಬ್ಬನ್ ಹಾರಿಹೋಯಿತು. ಅಕ್ಕ ಸ್ಲೈಡನ್ನು ಅಂಗೈಯಲ್ಲಿ ಮುಚ್ಚಿಕೊಂಡಳು. ಆಮೇಲೆ ನೆಲವೆಲ್ಲ ಗುಡಿಸಿ ಹುಡುಕಿದಳಂತೆ, ಸಿಗಲಿಲ್ಲ. ಮೇಣದ ಕಸದ ಜೊತೆ ಹೋಗಿರಬೇಕು ಎಂದುಕೊಂಡಳು.

ಆ ಸಂಜೆ ಅವಳ ಮುಖ ನೋಡಿಯೇ ಏನೋ ಮಾಡಿಕೊಂಡು ಬಂದಿದ್ದಾಳೆ ಎಂದು ನನಗೆ ಗೊತ್ತಾಯಿತು. ಕೆದಕಿದೆ, ಬಾಯಿಬಿಟ್ಟಳು.

"ಏನ್ ಕಾಣಿಸ್ತು?" ಎಂದೆ.

"ಹರಿದ ಅಂಚು ದುಂಡಗಾಗಿಬಿಟ್ಟಿದೆ ಕಣೇ. ಹುರಿಯ ತುದಿ ಮೇಲೆ ತೆಳ್ಳಗೆ ಪೊರೆ ಬೆಳೆದು ಮುಚ್ಕೊಂಡಿದೆ. ಆ ಕಡೆ ಇನ್ನೊಂದು ತುದಿ ಇದೆ ಅನ್ನೋದನ್ನೇ ಮರ್ತಿದೆ. ಇನ್ನು ಹೊಲಿದ್ರೂ ಕೂಡ್ಕೊಳಲ್ಲ."

"ಮೆತ್ತೆ?"

"ಮೆತ್ತೆಯ ಒಳಗಡೆಗೆ ರಕ್ತ ಬರಲ್ಲ, ಅದಕ್ಕೇ ಗಾಯ ಮಾಯಲ್ಲ. ಸೀಳಿನ ಅಂಚಲ್ಲಿದ್ದ ಜೀವಕೋಶ ಎಲ್ಲ ಸತ್ತು ಖಾಲಿ ಗೂಡು ಉಳಿದಿವೆ. ಸ್ವಲ್ಪ ಒಳಗೆ ಬದುಕಿರೋವು ಒಂದಕ್ಕೊಂದು ಅಂಟ್ಕೊಂಡು ಗುಂಪಾಗಿವೆ. ಕರೆಂಟು ಹೋದಾಗ ಮಕ್ಕಳು ಮೂಲೇಲಿ ಸೇರ್ಕೊಳಲ್ವಾ, ಹಂಗೆ." ಎರಡು ಬೆರಳು ಮಡಚಿ ತೋರಿಸಿದಳು. "ಒಂದು ಕಡೆ ಅಂಚು ಮಡಚಿದೆ. ರೆಪ್ಪೆ ಥರ. ಅದರ ಕೆಳಗೆ ಕಪ್ಪಗೆ ಒಂದು ಗುಂಪು. ಥೇಟ್ ಮುಚ್ಚಿದ ಕಣ್ಣು."

ನನಗೆ ಈ ಹರುಕಿನ ವಿಷಯ ಬಿಡಿಸಿ ಹೇಳಬೇಕಿಲ್ಲ. ಈಗ ತಾನೇ ಹರಿದ ಬಟ್ಟೆಯಲ್ಲಿ ನೂಲುಗಳು ಎದ್ದು ನಿಂತಿರುತ್ತವೆ, ಎರಡು ಅಂಚೂ ಒಂದಕ್ಕೊಂದು ಹೊಂದುತ್ತವೆ. ಹರಿದು ತಿಂಗಳುಗಟ್ಟಲೆ ಉಟ್ಟು ಒಗೆದ ಬಟ್ಟೆಯ ಅಂಚು ಸವೆದು, ಸುರುಟಿ, ತನ್ನಷ್ಟಕ್ಕೆ ತಾನು ಮೊಂಡಾಗಿರುತ್ತದೆ. "ನೋಡಿ ಆಯ್ತಲ್ಲ, ಈಗ ಮರೆತುಬಿಡು" ಎಂದು ಬಡಿಸಿದೆ. ಅವಳು ತಟ್ಟೆಯಲ್ಲಿ ಬೆರಳಾಡಿಸುತ್ತಾ ಕೂತಳು.

ಕೆಲವು ದಿನ ಕಳೆದವು. ಒಂದು ಮಧ್ಯಾಹ್ನ ಡಾಕ್ಟರಮ್ಮ ತಮ್ಮ ಕೋಣೆಯಿಂದಲೇ ಕೂಗಿದರಂತೆ, "ಮೇಣದಕ್ಕ, ಬನ್ನಿ ಇಲ್ಲಿ. ಈ ಪಿತ್ತಕೋಶಕ್ಕೆ ಮಂಡಿ ನೋವಂತೆ!" ಯಾರದೋ ಪಿತ್ತಕೋಶದ ಸ್ಲೈಡಿನ ಮೂಲೆಯಲ್ಲಿ ಮಂಡಿಯ ಮೆತ್ತೆಯ ಒಂದು ಚೂರು ಬಂದು ಕೂತಿತ್ತು. ಲ್ಯಾಬಿನಲ್ಲಿ ಇದು ನಡೆಯುವಂಥದ್ದೇ. ನೀರಿನಲ್ಲಿ ಒಬ್ಬರ ಚೂರು ಉಳಿದು ಇನ್ನೊಬ್ಬರ ಗಾಜಿಗೆ ಹತ್ತಿಕೊಳ್ಳುತ್ತದೆ. ಎಲ್ಲರೂ ನಕ್ಕರು. ಅಕ್ಕನೂ ನಗುತ್ತಲೇ ಹೋಗಿ ಬಗ್ಗಿ ನೋಡಿದಳು. ಅದೇ ಮಡಿಕೆ, ಅದೇ ಗುಂಪು. ಆದರೆ ರೆಪ್ಪೆಯ ನಡುವೆ ಕೂದಲೆಳೆಯಷ್ಟು ಬಿರುಕಿತ್ತು.

"ಅದು ನಂದೇ. ಕಣ್ಣು ಬಿಡ್ತಾ ಇದೆ" ಎಂದಳು ಮನೆಗೆ ಬಂದು.

"ನಿಂಗೆ ತಲೆ ಕೆಟ್ಟಿದೆ" ಎಂದೆ.

ಬೋಗುಣಿಯನ್ನು ಅವಳು ಉಜ್ಜಿ ಉಜ್ಜಿ ತೊಳೆದಳು. ಆದರೂ ಮತ್ತೊಂದು ದಿನ, ಯಾರದೋ ಬೆನ್ನಿನಿಂದ ತೆಗೆದ ಮಚ್ಚೆಯ ಪಕ್ಕದಲ್ಲಿ ಅದು ಮತ್ತೆ ಕಾಣಿಸಿಕೊಂಡಿತು. ಈ ಸಲ ಅರ್ಧ ತೆರೆದಿತ್ತು. ಡಾಕ್ಟರಮ್ಮ ಈ ಸಲ ನಗಲಿಲ್ಲ, "ನೀರು ಬದಲಾಯಿಸ್ರಪ್ಪ" ಎಂದು ಗದರಿದರು. ಜೊತೆಗಾರ್ತಿಗೆ ಅದು ಬರೀ ಕಸ. ಅಕ್ಕನಿಗೆ ಮಾತ್ರ ಗೊತ್ತು, ಹಿಂದಿನ ಸಲಕ್ಕಿಂತ ಎಷ್ಟು ತೆರೆದಿದೆ ಎಂದು.

ಮನೆಯಲ್ಲಿ ಅವಳ ನಡವಳಿಕೆ ಬದಲಾಯಿತು. ಅಂಗಡಿಯಲ್ಲಿ ನನ್ನ ಗುಂಡಿಗಳ ಡಬ್ಬಿಯ ಮುಚ್ಚಳ ಯಾವಾಗಲೂ ತೆರೆದೇ ಇರುತ್ತದೆ. ಅವಳು ಇಳಿದು ಬಂದಾಗಲೆಲ್ಲ ಅದರ ಮೇಲೊಂದು ಬಟ್ಟೆ ಎಳೆದು ಹೋಗತೊಡಗಿದಳು. "ಎಲ್ಲಾ ನನ್ನೇ ನೋಡ್ತಾವೆ" ಎಂದಳು ಒಮ್ಮೆ, ತಮಾಷೆಯ ದನಿಯಲ್ಲೇ. ಆಪರೇಷನ್ ಆದ ಮೇಲೆ ನಿಂತಿದ್ದ ಲಟಕ್ ಸದ್ದು ಮತ್ತೆ ಶುರುವಾಯಿತು. ಒಂದು ಮಧ್ಯಾಹ್ನ ಮಿಷನ್ನಿನ ಪಕ್ಕ ಕೂತು, ಲಂಗ ಸರಿಸಿ, "ಕೈ ಇಡು. ಒಳಗೆ ಏನಾದ್ರೂ ಅಲ್ಲಾಡುತ್ತಾ ನೋಡು" ಎಂದಳು. ಬೈದುಕೊಂಡೇ ಅಂಗೈ ಇಟ್ಟೆ. ಮಂಡಿ ತಣ್ಣಗಿತ್ತು. ಅವಳು ಕಾಲನ್ನು ನಿಧಾನವಾಗಿ ಮಡಚಿದಳು. ನನ್ನ ಅಂಗೈಯ ಕೆಳಗೆ ಸಣ್ಣದೇನೋ ಸರಿದು, ಪಕ್ಕಕ್ಕೆ ಹೊರಳಿ, ನಿಂತಿತು. ನಾನು ಕೈ ಕಿತ್ತುಕೊಂಡೆ. ಹಾಡಹಗಲು, ರಸ್ತೆಯಲ್ಲಿ ಸ್ಕೂಟರುಗಳ ಸದ್ದು, ಎದುರಿನ ಚಪ್ಪಲಿ ಅಂಗಡಿಯವನ ರೇಡಿಯೋ. "ಏನಿಲ್ಲ" ಎಂದೆ. ಅವಳ ಮಾತನ್ನೇ ನಾನೂ ಆಡಿದ್ದು ಆಮೇಲೆ ಹೊಳೆಯಿತು.

ಇದಾದ ಮೇಲೆ ಆ ಹುಡುಗಿ ಬಂದಳು. ಬೆಂಕಿ ಆರಿಸುವ ದಳಕ್ಕೆ ಹೊಸದಾಗಿ ಸೇರಿದವಳು. ಏಣಿಯ ಅಭ್ಯಾಸದಲ್ಲಿ ಅವಳ ಪಾದ ಮೆಟ್ಟಿಲಿನ ಸಂದಿಗೆ ಸಿಕ್ಕಿ ಮೈ ತಿರುಗಿತ್ತು. ಮಂಡಿಯ ಹುರಿ ಹರಿದು, ಮೆತ್ತೆ ಸೀಳಿತ್ತು. ಡಾಕ್ಟರು ತೆಗೆದ ತುಂಡು ಲ್ಯಾಬಿಗೆ ಬಂದು, ವರದಿಯೂ ಹೋಗಿತ್ತು: ಹಳೆಯ ಸೀಳಿನ ಮೇಲೆ ಹೊಸ ಸೀಳು. ಸ್ಲೈಡಿನಲ್ಲಿ ಎರಡೂ ಕಂಡಿದ್ದರಿಂದ ಡಾಕ್ಟರಮ್ಮ ಹಾಗೆ ಬರೆದಿದ್ದರು, ಯಾರೇ ಆಗಿದ್ದರೂ ಹಾಗೇ ಬರೆಯುತ್ತಿದ್ದರು. ದಳದ ಮೇಲಧಿಕಾರಿ ಅದನ್ನು ಓದಿ, ಕೆಟ್ಟ ಮಂಡಿಯನ್ನು ಬಚ್ಚಿಟ್ಟು ಕೆಲಸಕ್ಕೆ ಸೇರಿದ್ದೀಯ, ಸುಳ್ಳುಗಾರ್ತಿಗೆ ಇಲ್ಲಿ ಜಾಗವಿಲ್ಲ, ತಿಂಗಳ ಕೊನೆಗೆ ಸಮವಸ್ತ್ರ ಕಳಚಿ ಕೊಟ್ಟು ಹೋಗು ಎಂದಿದ್ದರು.

ಹುಡುಗಿ ಊರುಗೋಲಿನ ಮೇಲೆ ಲ್ಯಾಬಿನ ಕಿಟಕಿಯ ಹೊರಗೆ ನಿಂತಿದ್ದಳಂತೆ. "ನಂಗೆ ಇದಕ್ಕೆ ಮುಂಚೆ ಏನೂ ಆಗಿಲ್ಲ ಮೇಡಂ. ಆ ವರದಿಲಿರೋದು ನನ್ನ ಮಂಡಿ ಅಲ್ಲ. ನನ್ನೊಳಗೆ ಬೇರೆ ಯಾರೋ ಇದಾರೆ ಅಂತ ಬರ್ದಿದೀರ."

"ಹಂಗಾದ್ರೆ ದೆವ್ವ ಬಿಡಿಸೋರ ಹತ್ರ ಹೋಗಮ್ಮ" ಎಂದು ಜೊತೆಗಾರ್ತಿ ನಕ್ಕಳು.

ಹುಡುಗಿ ನಗಲಿಲ್ಲ. "ನಾನು ನಾಟಕ ಆಡ್ತಿಲ್ಲ" ಎಂದಳು.

ಅಕ್ಕ ಒಳಗೆ ಗಾಜು ಒರೆಸುತ್ತಿದ್ದವಳು ಕೈ ನಿಲ್ಲಿಸಿದಳು. ಹುಡುಗಿ ಹೋದ ಮೇಲೆ ಅವಳ ಸ್ಲೈಡನ್ನು ಹುಡುಕಿ ತೆಗೆದು ನೋಡಿದಳು. ತುಂಡಿನ ತುಂಬ ಹೊಸ ಗಾಯ. ನೂಲುಗಳು ಎದ್ದು ನಿಂತಿವೆ, ನಡುವೆ ರಕ್ತ ಸಿಕ್ಕಿಕೊಂಡಿದೆ, ಜೀವಕೋಶಗಳು ಏನಾಯಿತೆಂದೇ ತಿಳಿಯದೆ ತಮ್ಮ ತಮ್ಮ ಜಾಗದಲ್ಲಿ ಕೂತಿವೆ. ಪೊರೆ ಇಲ್ಲ, ಗುಂಪಿಲ್ಲ. ಪಕ್ಕದಲ್ಲಿ ಮಾತ್ರ, ಅದೇ ತುಂಡಿನಿಂದ ಮುರಿದು ಬಂದಂತೆ, ಬೇರೊಂದು ಚೂರು. ಅದರಲ್ಲಿ ಕಣ್ಣು ಪೂರ್ತಿ ತೆರೆದಿತ್ತು. ಗುಂಪಿನ ನಡುವೆ ಸುಣ್ಣದ ಒಂದು ಕಾಳು ಬೊಂಬೆಯ ಕಣ್ಣಿನ ಪಾಪೆಯಂತೆ ನೆಟ್ಟಗೆ ಕೂತಿತ್ತು. ನಾನು ಅದನ್ನು ನೋಡುತ್ತಿಲ್ಲ, ಅದೇ ನನ್ನನ್ನು ಕೊಳವೆಯೊಳಗಿಂದ ನೋಡುತ್ತಿದೆ ಎನ್ನಿಸಿತು ಎಂದಳು ಅಕ್ಕ.

ಅವಳು ಹೆದರಿ ಓಡಿಬರಲಿಲ್ಲ. ಹುಡುಗಿಯ ಮೇಣದ ಬಿಲ್ಲೆಯನ್ನು ತೆಗೆದು ಇನ್ನಷ್ಟು ಆಳಕ್ಕೆ ಹೆರೆದಳು. ಎಲ್ಲ ಹೊಸ ಗಾಯವೇ. ಹಳೆಯದೊಂದು ಚೂರೂ ಇರಲಿಲ್ಲ. ಆಮೇಲೆ ಪಿತ್ತಕೋಶದ್ದು, ಮಚ್ಚೆಯದು, ಹುಡುಗಿಯದು, ಜೊತೆಗೆ ತಾನು ಬಚ್ಚಿಟ್ಟುಕೊಂಡಿದ್ದ ಮೊದಲನೆಯದು, ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟಳು. ಮುಚ್ಚಿದ ಕಣ್ಣು, ಬಿರುಕು, ಅರ್ಧ, ಪೂರ್ತಿ. ಆಗ ಅವಳಿಗೆ ತಿಳಿಯಿತು. ಇದು ಕಣ್ಣು ಬಿಡುತ್ತಿರುವುದಲ್ಲ. ಒಂದೇ ತುಂಡನ್ನು ಪದರ ಪದರವಾಗಿ ಹೆರೆದರೆ ಪದರದಿಂದ ಪದರಕ್ಕೆ ಆಕಾರ ತುಸು ತುಸು ಬದಲಾಗುತ್ತದೆ. ಹಾರಿಹೋದ ಆ ರಿಬ್ಬನ್ ಕಸಕ್ಕೆ ಹೋಗಿಲ್ಲ. ಇಲ್ಲೇ ಎಲ್ಲೋ ಇದೆ, ಮೊದಲ ಪದರ ಬಿಡಿಸಿದ ತುದಿಯಿಂದ ಒಂದೊಂದೇ ಪದರ ಕಳಚಿ ಬರುತ್ತಿದೆ.

ಊಟದ ಹೊತ್ತು. ಕೋಣೆಯಲ್ಲಿ ಯಾರೂ ಇಲ್ಲ. ಬೋಗುಣಿಯ ಬಾಯಿಯ ಸುತ್ತ ತಗಡನ್ನು ಒಳಕ್ಕೆ ಮಡಚಿ ಒಂದು ಅಂಚು ಮಾಡಿದ್ದಾರೆ. ಅಕ್ಕ ಯಾವತ್ತೂ ನೀರನ್ನು ಅದಕ್ಕಿಂತ ಕೆಳಗೇ ನಿಲ್ಲಿಸುತ್ತಾಳೆ. ಅವಳು ಬೇರೆ ಕೆಲಸದಲ್ಲಿದ್ದರೆ ಜೊತೆಗಾರ್ತಿ ಕಂಠಮಟ್ಟ ತುಂಬಿಸುತ್ತಾಳೆ. ಆ ದಿನ ಅಕ್ಕ ತಾನೇ ಕಂಠಮಟ್ಟ ತುಂಬಿಸಿ, ಕಿಟಕಿ ಮುಚ್ಚಿ, ಕೈಕಟ್ಟಿ ನಿಂತಳು. ನೀರು ಕನ್ನಡಿಯಂತೆ ನಿಂತಿತ್ತು. ಏನೂ ಆಗಲಿಲ್ಲ. ಇನ್ನು ಹೋಗೋಣ ಎಂದುಕೊಳ್ಳುವಾಗ, ಗಾಳಿಯಿಲ್ಲದ ಆ ಕೋಣೆಯಲ್ಲಿ, ಅಂಚಿನ ಕೆಳಗಿನಿಂದ ತೆಳ್ಳನೆಯ ಒಂದು ಪದರ ಮೆಲ್ಲಗೆ ಹೊರಬಂದು ನೀರಿನ ನಡುವೆ ನಿಂತಿತು. ಅವಳು ಮಡಿಕೆಯ ಕೆಳಗೆ ಬೆರಳಾಡಿಸಿದಳು. ಉಳಿದ ರಿಬ್ಬನ್ ಪೂರ್ತಿ ಅಲ್ಲಿ ಅಂಟಿಕೊಂಡಿತ್ತು. ಇಷ್ಟು ದಿನ ತಳ ಉಜ್ಜಿದ್ದರು, ಗೋಡೆ ಉಜ್ಜಿದ್ದರು, ಆ ಮಡಿಕೆಯ ಒಳಗೆ ಯಾರೂ ಕೈ ಹಾಕಿರಲಿಲ್ಲ.

ಸಂಜೆ ಎಲ್ಲವನ್ನೂ ಹೇಳಿದಳು. ನನಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. "ಸರಿ, ದೆವ್ವ ಸಿಕ್ತಲ್ಲ. ಆ ಹುಡುಗಿದು ಹೊಸ ಗಾಜು ಮಾಡಿ ಡಾಕ್ಟರಮ್ಮನ ಮುಂದಿಟ್ಟು ಸುಮ್ನಿರು. ನಿನ್ನ ವಿಷಯ ಎತ್ಲೇಬೇಡ" ಎಂದೆ.

"ಅವರು ನಂಬಲ್ಲ ಕಣೇ. ಹಳೇ ಚೂರು ಸಣ್ಣದಿತ್ತು, ಮೊದಲ ಪದರದಲ್ಲೇ ಮುಗಿದೋಯ್ತು ಅಂತಾರೆ. ಅದು ಯಾರದ್ದು ಅಂತ ತೋರಿಸಿದ್ರೆ ಮಾತ್ರ ಅದು ಅವಳದ್ದಲ್ಲ ಅಂತ ಆಗುತ್ತೆ."

"ತೋರಿಸಿದ್ರೆ ಕಟ್ಟುಪಾಡು ಮುರಿದವಳು ಅಂತ ನಿನ್ನ ಓಡಿಸ್ತಾರೆ. ಇಷ್ಟು ವರ್ಷದ ಕೆಲಸ!"

"ಓಡಿಸ್ಲಿ."

"ಯಾರೋ ಗೊತ್ತಿಲ್ಲದ ಹುಡುಗಿಗೋಸ್ಕರ ನೀನ್ಯಾಕೆ..." ನನಗೆ ಸಿಟ್ಟು ನೆತ್ತಿಗೇರಿತ್ತು. ಇಸ್ತ್ರಿಪೆಟ್ಟಿಗೆಯನ್ನು ಕುಕ್ಕಿದೆ.

ಅಕ್ಕ ನನ್ನ ಕಡೆ ನೋಡಲಿಲ್ಲ, ಮಂಡಿಯ ಕಡೆ ನೋಡಿದಳು. "ಇದು ಒಂದು ಸಲ ನನ್ನ ಸುಳ್ಳುಗಾರ್ತಿ ಮಾಡ್ತು. ಈಗ ಅವಳನ್ನ ಮಾಡಿದೆ. ನಾನು ಬಾಯಿ ಮುಚ್ಕೊಂಡು ಕೂತ್ರೆ ಅಮ್ಮನಿಗೂ ನಂಗೂ ಏನ್ ವ್ಯತ್ಯಾಸ?"

ನಾನು ಇಸ್ತ್ರಿಪೆಟ್ಟಿಗೆಯ ಪ್ಲಗ್ಗು ಕಿತ್ತು ಊಟಕ್ಕೆ ತಟ್ಟೆ ಹಾಕಿದೆ.

ಮರುದಿನ ಅವಳು ಡಾಕ್ಟರಮ್ಮನ ಮೇಜಿನ ಮೇಲೆ ಗಾಜುಗಳನ್ನು ಸಾಲಾಗಿ ಇಟ್ಟು, ಮಡಿಕೆಯಿಂದ ಬಿಡಿಸಿ ತೆಗೆದ ಉಳಿದ ಪದರಗಳಿಗೂ ಬಣ್ಣ ಕುಡಿಸಿ ಜೊತೆಗಿಟ್ಟು, ತಾನು ಮಾಡಿದ್ದನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಡಾಕ್ಟರಮ್ಮ ಒಂದಾದ ಮೇಲೊಂದು ಸ್ಲೈಡನ್ನು ನೋಡುತ್ತಾ ಹೋದರು, ತಿರುಗಿ ಮೊದಲಿನಿಂದ ನೋಡಿದರು. ಕನ್ನಡಕ ತೆಗೆದು ಒರೆಸಿಕೊಂಡು, "ನಿಜ ರೀ, ಕಣ್ಣು ಬಿಡುತ್ತೆ" ಎಂದರು, ಸಣ್ಣ ದನಿಯಲ್ಲಿ. ಆಮೇಲೆ, "ಫ್ಯಾನ್ ಹಾಕಿದ್ದು ನಾನೇ ಅಲ್ವಾ" ಎಂದರು. ಅಂದೇ ತಿದ್ದಿದ ವರದಿ ಹೋಯಿತು. ಸಾಲದ್ದಕ್ಕೆ ಅವರೇ ದಳದ ಮೇಲಧಿಕಾರಿಗೆ ಫೋನು ಮಾಡಿ, ತಪ್ಪು ಹುಡುಗಿಯದಲ್ಲ, ನಮ್ಮದು ಎಂದರು.

ಹುಡುಗಿಯ ಸಮವಸ್ತ್ರ ಉಳಿಯಿತು. ಹೊಸ ಸೀಳಾದ್ದರಿಂದ ಅವಳ ಮೆತ್ತೆಯನ್ನು ಹೊಲಿದರು, ಹುರಿಯ ಜಾಗಕ್ಕೆ ತೊಡೆಯ ಹಿಂದಿನ ಎಳೆಯೊಂದನ್ನು ತಂದು ಕಟ್ಟಿದರು. ಮುಂದೊಂದು ದಿನ ನಮ್ಮ ಅಂಗಡಿಗೇ ಬಂದು, ಅಕ್ಕನ ಎದುರಿಗೆ ನನ್ನ ಮರದ ಸ್ಟೂಲನ್ನು ಹತ್ತಿ ಇಳಿದು ತೋರಿಸಿದಳು. ಅಕ್ಕ ಚಪ್ಪಾಳೆ ತಟ್ಟಿದಳು. ಅವಳು ಅಷ್ಟು ಬಾಯಿ ತೆರೆದು ನಕ್ಕದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಅಕ್ಕನನ್ನು ಕೆಲಸದಿಂದ ತೆಗೆಯಲಿಲ್ಲ. ಆದರೆ ಅಲಗಿನ ಮುಂದೆ ಕೂರುವಂತಿಲ್ಲ ಎಂದಾಯಿತು. ನೆಲಮಾಳಿಗೆಯಲ್ಲಿ ಹಳೆಯ ಸ್ಲೈಡುಗಳನ್ನೆಲ್ಲ ಜೋಡಿಸಿಟ್ಟ ಕೋಣೆಗೆ ಹಾಕಿದರು. ಎಲ್ಲರೂ ಅದು ಶಿಕ್ಷೆ ಎಂದುಕೊಂಡರು. ಅಕ್ಕನೇ ಅದನ್ನು ಕೇಳಿ ತೆಗೆದುಕೊಂಡಳೆಂದು ನನಗೆ ಆಮೇಲೆ ಗೊತ್ತಾಯಿತು.

ಯಾಕೆಂದರೆ ಆ ಸಾಲಿನಲ್ಲಿ ಒಂದು ಇರಲಿಲ್ಲ.

ಅರ್ಧ ತೆರೆದ ಕಣ್ಣಿಗೂ ಪೂರ್ತಿ ತೆರೆದ ಕಣ್ಣಿಗೂ ನಡುವೆ ಒಂದು ಪದರ ತಪ್ಪಿತ್ತು. ರಿಬ್ಬನ್ನಿನಲ್ಲಿ ಇದ್ದದ್ದು, ನೀರಿಗೆ ಕಳಚಿ ಬಂದದ್ದು, ಯಾರದೋ ಗಾಜಿಗೆ ಹತ್ತಿಕೊಂಡದ್ದು. ಪಿತ್ತಕೋಶದಲ್ಲಿ ಸಿಕ್ಕಾಗ ಎಲ್ಲರೂ ನಕ್ಕರು, ಮಚ್ಚೆಯಲ್ಲಿ ಸಿಕ್ಕಾಗ ಬೈದರು. ಈ ಒಂದನ್ನು ನೋಡಿ ಯಾರೂ ನಗಲಿಲ್ಲ, ಬೈಯಲಿಲ್ಲ. ಅಂದರೆ ಅದು ಯಾರಿಗೂ ಅನುಮಾನ ಬಾರದ ಜಾಗದಲ್ಲಿ ಕೂತಿದೆ. ಇನ್ನೊಬ್ಬರ ಮಂಡಿಯಲ್ಲಿ.

"ಯಾರೋ ಒಬ್ಬರಿಗೆ ನನ್ನ ಮಂಡಿ ಅಂಟ್ಕೊಂಡಿದೆ ಕಣೇ. ಅವರ ಮಾತನ್ನ ಯಾರೂ ನಂಬ್ತಿಲ್ಲ" ಎಂದಳು ಅಕ್ಕ.

ನೆಲಮಾಳಿಗೆಯಲ್ಲಿ ಅವಳು ಆ ಕಾಲದ ಮಂಡಿಗಳನ್ನೆಲ್ಲ ಒಂದೊಂದಾಗಿ ತೆಗೆದು ನೋಡಿದಳು. ನಾನು ಒಮ್ಮೆ ಊಟದ ಡಬ್ಬಿ ಕೊಡಲು ಹೋಗಿದ್ದೆ. ಉದ್ದನೆಯ ಓಣಿಗಳಂತೆ ಕಪಾಟುಗಳು, ಕಪಾಟಿನ ತುಂಬ ತೆಳ್ಳನೆಯ ಸೆಳೆಖಾನೆಗಳು, ಒಂದೊಂದರಲ್ಲೂ ಒತ್ತಾಗಿ ನಿಂತ ಗಾಜುಗಳು, ಗಾಜಿನೊಳಗೆ ಈ ಊರಿನವರೆಲ್ಲರ ಚೂರುಗಳು. ಬದುಕಿರುವವರದೂ ಸತ್ತವರದೂ ಪಕ್ಕ ಪಕ್ಕದಲ್ಲೇ. ಅಕ್ಕ ಆ ತುದಿಯಲ್ಲಿ ಎಲ್ಲೋ ಇದ್ದಳು, ಕಾಣಲಿಲ್ಲ. ಮಂಡಿಯ ಸದ್ದು ಮಾತ್ರ ಕೇಳಿಸುತ್ತಿತ್ತು, ಒಮ್ಮೆ ಈ ಓಣಿಯಿಂದ, ಒಮ್ಮೆ ಆ ಓಣಿಯಿಂದ. ನಾನು ಡಬ್ಬಿಯನ್ನು ಬಾಗಿಲಲ್ಲೇ ಇಟ್ಟು ಬಂದೆ. ಹೆದರಿಕೆಯಾಯಿತು ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಅಲ್ಲಿ ಅದು ಸಿಗಲಿಲ್ಲ. ಒಂದು ಕಡೆ ಮಾತ್ರ ಸಾಲಿನ ನಡುವೆ ಜಾಗ ಖಾಲಿಯಿತ್ತು. ಬೇರೆ ಡಾಕ್ಟರಿಗೆ ತೋರಿಸಲೆಂದು ಕೆಲವರು ತಮ್ಮ ಗಾಜನ್ನು ಕೇಳಿ ಪಡೆದುಕೊಂಡು ಹೋಗುತ್ತಾರೆ. ಆಸ್ಪತ್ರೆಯಲ್ಲಿ ಕೊಟ್ಟಿದ್ದ ವಿಳಾಸದ ಮನೆಗೆ ಅಕ್ಕ ಹುಡುಕಿಕೊಂಡು ಹೋದಳು. ಅದು ಗಂಡನ ಮನೆ. ಬಾಗಿಲು ತೆರೆದ ಹೆಂಗಸು, "ಅವಳು ಇಲ್ಲಿಲ್ಲ" ಎಂದು ಬಾಗಿಲು ಹಾಕಿಕೊಂಡಳು. ಎಲ್ಲಿ ಹೋದಳೆಂದು ಅಕ್ಕಪಕ್ಕದವರೂ ಹೇಳಲಿಲ್ಲ.

ಆಗಿನಿಂದ ಹುಡುಕುವ ಕೆಲಸಕ್ಕೆ ನಾನೂ ಬಿದ್ದೆ. ನನ್ನ ಅಂಗಡಿಗೆ ಊರಿನ ಅರ್ಧ ಹೆಂಗಸರು ಬರುತ್ತಾರೆ. ಅಳತೆ ತೆಗೆಯುವಾಗ ಸೊಂಟದಿಂದ ಮಂಡಿಗೆ, ಮಂಡಿಯಿಂದ ಪಾದಕ್ಕೆ ಟೇಪು ಹಿಡಿಯುತ್ತೇನಲ್ಲ, ಯಾರಾದರೂ ಒಂದು ಕಾಲಿನ ಮೇಲೇ ಭಾರ ಬಿಟ್ಟು ನಿಂತಿದ್ದರೆ, "ಮಂಡಿಗೆ ಏನಾಗಿದೆ?" ಎಂದು ಕೇಳಿಯೇಬಿಡುತ್ತೇನೆ. "ಹೊಲಿಗೆ ಬಿಟ್ಟು ಡಾಕ್ಟರ್ ಆದ್ರಾ?" ಎಂದು ರೇಗಿಸುತ್ತಾರೆ. ರೇಗಿಸಲಿ. ಒಬ್ಬಳಿಗೆ ವಾತ, ಒಬ್ಬಳಿಗೆ ವಯಸ್ಸು, ಇನ್ನೊಬ್ಬಳಿಗೆ ಚಪ್ಪಲಿ ಕಚ್ಚಿದ್ದು. ದಿನಾ ಸಂಜೆ ಅಕ್ಕ ಬರುವಾಗ ಇಬ್ಬರೂ ಒಬ್ಬರನ್ನೊಬ್ಬರು ನೋಡಿ ತಲೆಯಾಡಿಸುವುದು ರೂಢಿಯಾಯಿತು.

ಮೊನ್ನೆ ಭಾನುವಾರ, ಅಕ್ಕ ಮೇಲೆ ಕೂದಲು ಒಣಗಿಸುತ್ತಿದ್ದಳು. ಒಬ್ಬಳು ಹರೆಯದ ಹೆಂಗಸು ಬಂದಳು, ಹೊಸ ಬಟ್ಟೆಗಳ ಒಂದು ಗಂಟು ಹೊತ್ತು. ಎಲ್ಲವೂ ಮದುವೆಯ ಹೊತ್ತಿಗೆ ಹೊಲಿಸಿದಂಥವು, ಎಲ್ಲವನ್ನೂ ಬಿಗಿ ಮಾಡಬೇಕಂತೆ. ಮೈ ಇಳಿದುಹೋಗಿತ್ತು. ಕುರ್ಚಿಯಲ್ಲಿ ಕೂರುವಾಗ ಒಂದು ಕಾಲನ್ನು ಎರಡೂ ಕೈಯಿಂದ ಎತ್ತಿ ಮುಂದಕ್ಕಿಟ್ಟುಕೊಂಡಳು.

"ಮಂಡಿಗೆ ಏನಾಗಿದೆಯಮ್ಮ?"

"ಬಾತ್‌ರೂಮಲ್ಲಿ ಜಾರಿದೆ. ಮದುವೆಯಾದ ಹೊಸತರಲ್ಲಿ." ಅವಳು ಬಟ್ಟೆಯ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದಳು. "ಆಪರೇಷನ್ ಆಯ್ತು. ಆಮೇಲೆ, ಇದು ಹಳೇದು, ಎಷ್ಟೋ ವರ್ಷದ್ದು ಅಂತ ವರದಿ ಬಂತು. ಕುಂಟಿಯನ್ನ ಮುಚ್ಚಿಟ್ಟು ಕಟ್ಟಿದ್ರಿ ಅಂತ ಅತ್ತೆ ಕೂಗಾಡಿದ್ರು. ನಮ್ಮನೆಯವರೂ ನನ್ನ ಪರ ಮಾತಾಡ್ಲಿಲ್ಲ. ಈಗ ಅಮ್ಮನ ಮನೇಲಿದೀನಿ. ಅಮ್ಮನೂ ಕೇಳ್ತಾಳೆ, ನಿಜ ಹೇಳು, ಚಿಕ್ಕವಳಿದ್ದಾಗ ಎಲ್ಲಾದ್ರೂ ಬಿದ್ದಿದ್ಯಾ ಅಂತ. ನಂಗೇ ಈಗ ಅನುಮಾನ ಬರ್ತಿದೆ, ಬಿದ್ದಿದ್ನೇನೋ, ಮರ್ತಿದೀನೇನೋ ಅಂತ."

ನಾನು ಟೇಪು ಕೆಳಗಿಟ್ಟೆ. "ಗಾಜು? ಅದರ ಗಾಜು ಎಲ್ಲಿದೆ?"

ಅವಳು ಆಶ್ಚರ್ಯದಿಂದ ನೋಡಿದಳು. ಆಮೇಲೆ ಕೈಚೀಲದ ಜಿಪ್ಪು ಎಳೆದು, ಕರವಸ್ತ್ರದಲ್ಲಿ ಸುತ್ತಿದ್ದ ಒಂದು ಪುಟ್ಟ ಪ್ಲಾಸ್ಟಿಕ್ ಡಬ್ಬಿ ತೆಗೆದಳು. "ಯಾರಾದ್ರೂ ನೋಡೋರು ಸಿಕ್ತಾರೇನೋ ಅಂತ ಜೊತೇಲೇ ಇಟ್ಕೊಂಡು ತಿರುಗ್ತೀನಿ. ಯಾರೂ ನೋಡ್ಲಿಲ್ಲ."

ನಾನು ಗಾಜನ್ನು ಎತ್ತಿ ಬಾಗಿಲಿನ ಬೆಳಕಿಗೆ ಹಿಡಿದೆ. ಬರಿಗಣ್ಣಿಗೆ ಏನು ಕಾಣುತ್ತದೆ? ಒಂದು ಗುಲಾಬಿ ಕಲೆ. ಅದರಿಂದ ತುಸು ದೂರದಲ್ಲಿ, ಬೇರೆಯಾಗಿ, ಸಾಸಿವೆಯಷ್ಟು ಇನ್ನೊಂದು ಕಲೆ.

"ಅಕ್ಕಾ, ಕೆಳಗೆ ಬಾ" ಎಂದು ಕೂಗಿದೆ.

ಮೇಲೆ ಬಾಗಿಲು ತೆರೆಯಿತು. ಮೆಟ್ಟಿಲಿನ ಮೇಲೆ ಅವಳ ಹೆಜ್ಜೆಗಳು ಶುರುವಾದವು, ನಡುವೆ ಒಮ್ಮೆಲೇ ನಿಂತವು. ಹರೆಯದ ಹೆಂಗಸು ತಲೆಯೆತ್ತಿ ಮೆಟ್ಟಿಲಿನ ಕಡೆ ನೋಡಿದಳು, ಅವಳ ಕೈ ತನಗೇ ತಿಳಿಯದೆ ತನ್ನ ಮಂಡಿಯ ಮೇಲೆ ಹೋಯಿತು. ಲಟಕ್ ಎಂಬ ಸದ್ದು ಬಂತು. ಆಮೇಲೆ ಅಕ್ಕ ಇಳಿದು ಬಂದಳು.